ಅತ್ತೆಯಿಲ್ಲದ ಮನೆ

ಕುಮಾರಪಾಳ್ಯದ ಮಗ್ಗದ ಬೀದಿಯಲ್ಲಿದ್ದ ಕಂಪ್ಯೂಟರ್ ಜಾತಕದ ಅಂಗಡಿಗೆ ಹೋದವರ ಕಣ್ಣಿಗೆ ಬೀಳುತ್ತಿದ್ದವನು ತಂಗವೇಲು ಒಬ್ಬನೇ. ಹಣೆ ತುಂಬ ವಿಭೂತಿ, ನಡುವೆ ಕುಂಕುಮ, ಮುಂದೆ ಮೇಜು, ಮೇಜಿನ ಮೇಲೆ ಅರಿಸಿನದ ಬಟ್ಟಲು. ಬೆನ್ನ ಹಿಂದೆ ಹೂಹೂವಿನ ಪರದೆ. ಹುಟ್ಟಿದ ದಿನ, ಹೊತ್ತು, ಊರು ಕೇಳಿಕೊಂಡು ಅದನ್ನೇ ಇನ್ನೊಂದು ಸಲ ಗಟ್ಟಿಯಾಗಿ ಹೇಳುತ್ತಿದ್ದ. ಪರದೆಯ ಹಿಂದೆ ಟಕಟಕ ಸದ್ದಾಗುತ್ತಿತ್ತು. ಪ್ರಿಂಟರು ಕಿರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಪರದೆಯ ಸಂದಿಯಿಂದ ಕಾಗದ ಬರುತ್ತಿತ್ತು. ತಂಗವೇಲು ಅದರ ಮೂಲೆಗಳಿಗೆ ಅರಿಸಿನ ಹಚ್ಚಿ ಎರಡೂ ಕೈಯಲ್ಲಿ ಕೊಡುತ್ತಿದ್ದ. ಜನ ಕಣ್ಣಿಗೊತ್ತಿಕೊಂಡು ಒಯ್ಯುತ್ತಿದ್ದರು.

ಹಿಂದೆ ಕೂತಿದ್ದವಳು ಪಾವಾಯಿ, ಅವನ ಸತ್ತ ಅಣ್ಣ ಸೆಂಗೋಡನ ಹೆಂಡತಿ.

ಮದುವೆಯ ಜಾತಕಕ್ಕೆ ಗಂಡ ಸತ್ತವಳ ಕೈ ತಾಗಬಾರದು. ತಾಗಿದರೆ ಆ ಕಾಗದವನ್ನು ಯಾರೂ ಹೊಸಿಲು ದಾಟಿಸುವುದಿಲ್ಲ. ಅದಕ್ಕೇ ಪರದೆ. ಬೀದಿಯವರಿಗೆ ಗೊತ್ತಿರಲಿಲ್ಲ ಎಂದಲ್ಲ. ಎಲ್ಲರಿಗೂ ಗೊತ್ತಿತ್ತು. ಕಣ್ಣಿಗೆ ಕಾಣದಿದ್ದರೆ ಸಾಕು, ದೋಷ ತಟ್ಟುವುದಿಲ್ಲ. ಕೆಮ್ಮು ಬಂದರೆ ಪಾವಾಯಿ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಸೀನು ಬಂದರೆ ಉಸಿರು ಹಿಡಿಯುತ್ತಿದ್ದಳು. ಒಂದು ಸಲ ಹಿಡಿಯಲಾಗದೆ ಸೀನಿದಾಗ ಗಿರಾಕಿಗಳು ಎದ್ದು ಹೋದರು. ಆ ಸಂಜೆ ಅತ್ತೆ ಅರುಕ್ಕಾಣಿ ಅವಳಿಗೆ ಅನ್ನ ಹಾಕಲಿಲ್ಲ.

"ಅನ್ನ ಇಲ್ವಾ ಅತ್ತೆ?" ಎಂದು ಕೇಳಿದಳು.

"ಇದೆ. ನಾಯಿಗೆ ಹಾಕ್ಬೇಕು," ಎಂದಳು ಅರುಕ್ಕಾಣಿ. ಅವರ ಮನೆಯಲ್ಲಿ ನಾಯಿ ಇರಲಿಲ್ಲ.

ಅಂಗಡಿ ಸೆಂಗೋಡನದು. ಅವನು ಮೊದಲು ಮಗ್ಗ ಓಡಿಸುತ್ತಿದ್ದ. ಎದೆಗೆ ಹತ್ತಿಯ ದೂಳು ಹಿಡಿದು ಅದು ಆಗದೆಂದಾದಾಗ ಒಂದು ಹಳೇ ಕಂಪ್ಯೂಟರು ಕೊಂಡ. ಜಾತಕ ಹಾಕುವ ಪ್ರೋಗ್ರಾಂ ಬಿಟ್ಟಿ ಬಂದದ್ದು. ಯಾವ ದೇಶದವನೋ ಮಾಡಿ, ಬೇಕಾದವರು ತಗೊಳ್ಳಿ ಅಂತ ಬಿಟ್ಟಿದ್ದನಂತೆ. ಈರೋಡಿನಲ್ಲಿ ಒಬ್ಬರು ಸಿ.ಡಿ.ಗೆ ಹಾಕಿಕೊಟ್ಟಿದ್ದರು. "ಯಾವ ತಾಯಿ ಹೆತ್ತ ಮಗನೋ, ನಮಗೆ ಅನ್ನ ಕೊಟ್ಟ," ಎಂದು ಸೆಂಗೋಡ ದಿನಾ ಬೆಳಿಗ್ಗೆ ಆ ಡಬ್ಬಕ್ಕೆ ಊದುಬತ್ತಿ ಬೆಳಗುತ್ತಿದ್ದ. ತೆರೆದಾಗಲೆಲ್ಲ ಮೊದಲು ಇಂಗ್ಲಿಷಿನಲ್ಲಿ ಏನೋ ಬರೆದ ಚಿಕ್ಕ ಚೌಕ ಬರುತ್ತಿತ್ತು. ಅದನ್ನು ಓದದೆ ಮೂಲೆಯ ಕತ್ತರಿ ಗುರುತು ಒತ್ತಿ ಮುಚ್ಚಬೇಕು. ಆಮೇಲೆ ಹೆಸರು, ತಾರೀಖು, ಹೊತ್ತು, ಊರು. ಕುಮಾರಪಾಳ್ಯ ಅದರಲ್ಲಿ ಇರಲಿಲ್ಲ. ಯಾರು ಎಲ್ಲಿ ಹುಟ್ಟಿದರೂ ಈರೋಡು ಎಂದೇ ಒತ್ತುತ್ತಿದ್ದ.

ಪಾವಾಯಿ ಓದಿದ್ದು ನಾಲ್ಕನೇ ಕ್ಲಾಸು. ಗಂಡನಿಗೆ ಕಾಮಾಲೆ ಬಂದು ಕೈ ಸೋತಾಗ ಪಕ್ಕದಲ್ಲಿ ಕೂತು ಕಲಿತಳು. ಚಾಪೆಯ ಮೇಲೆ ಮಲಗಿಕೊಂಡೇ ಹೇಳಿಕೊಟ್ಟ.

"ನೋಡು ಪಾವಾಯಿ, ಈ ಡಬ್ಬಕ್ಕೆ ಗ್ರಹಗಳೆಲ್ಲ ಗೊತ್ತು. ನಮ್ಮ ಜನ ಮಾತಾಡೋದು ಮಾತ್ರ ಗೊತ್ತಿಲ್ಲ. ಮಂಗಳವಾರ ರಾತ್ರಿ ಮೂರು ಗಂಟೆ ಅಂತಾರೆ. ನಮಗೆ ಹೊತ್ತು ಹುಟ್ಟೋವರ್ಗೂ ಮಂಗಳವಾರಾನೇ. ಇದಕ್ಕೆ ಹನ್ನೆರಡು ಹೊಡೀತು ಅಂದ್ರೆ ಬುಧವಾರ. ಅವರು ಹೇಳಿದ ತಾರೀಖೇ ಹಾಕಿದ್ಯೋ, ಒಂದು ದಿನ ಹಿಂದಕ್ಕೋಯ್ತು. ಚಂದ್ರ ಬೇರೆ, ನಕ್ಷತ್ರ ಬೇರೆ. ಹುಟ್ಟಿದವಳೇ ಬೇರೆ."

"ಮತ್ತೆ ಏನ್ ಮಾಡ್ಬೇಕು?"

"ಕೇಳು. ಬಾಯಿಬಿಟ್ಟು ಕೇಳು. ಮಲಗೋ ಹೊತ್ತೋ, ಕೋಳಿ ಕೂಗೋ ಹೊತ್ತೋ? ಕೋಳಿ ಕೂಗೋ ಹೊತ್ತು ಅಂದ್ರೆ ಮಾರನೇ ತಾರೀಖು ಹಾಕು. ಇಷ್ಟೇ ವಿದ್ಯೆ. ಮಿಕ್ಕಿದ್ದು ಅದೇ ಮಾಡತ್ತೆ."

ಅವಳ ಜಾತಕವನ್ನೂ ಒಂದು ದಿನ ತಮಾಷೆಗೆ ಹಾಕಿ ನೋಡಿದ್ದ. "ಕಲ್ಲಿನಂಥ ಮಾಂಗಲ್ಯ ಕಣೇ ನಿಂದು, ನಾನು ನೂರು ವರ್ಷ," ಎಂದು ನಕ್ಕಿದ್ದ. ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಸತ್ತ.

ಗಂಡ ಸತ್ತ ಮೇಲೆ ಹೆಂಗಸಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬಳೆ ಬೀದಿಯ ಹೆಂಗಸರು ಒಡೆದರು. ಓಲೆ ಅತ್ತೆ ಬಿಚ್ಚಿಕೊಂಡಳು. ಹೊಟ್ಟೆಯಲ್ಲಿ ಒಂದು ಮಗು ನಿಂತಿರಲಿಲ್ಲ. ಪಾವಾಯಿಗೆ ಉಳಿದದ್ದು ಅವನು ಹೇಳಿಕೊಟ್ಟ ಆ ಒಂದು ಪ್ರಶ್ನೆ, ಪರದೆ ಹಿಂದಿನ ಸ್ಟೂಲು, ಮತ್ತು ಅಂಗಡಿಯ ಹಿಂದೆ ಕಾಲು ಚಾಚಿದರೆ ಗೋಡೆ ತಾಗುವ ಒಂದು ಕೋಣೆ.

ಅದೂ ಎಷ್ಟು ದಿನವೋ. ತಂಗವೇಲುವಿಗೆ ಓದು ಇತ್ತು, ಕೂರುವ ತಾಳ್ಮೆ ಇರಲಿಲ್ಲ. ಅದಕ್ಕೇ ಅವಳನ್ನು ಇಟ್ಟುಕೊಂಡಿದ್ದರು. ಅರುಕ್ಕಾಣಿ ಮುಚ್ಚುಮರೆ ಮಾಡುವವಳಲ್ಲ.

"ತಂಗವೇಲುಗೆ ಕಂಪ್ಯೂಟರ್ ಕಲಿತ ಹುಡುಗೀನೇ ತರ್ತೀನಿ. ಮುತ್ತೈದೆ ಕೂತು ಹೊಡೀಲಿ. ಅವಳು ಬಲಗಾಲಿಟ್ಟು ಒಳಗೆ ಬಂದ ದಿನ ನೀನು ಎಡಪ್ಪಾಡಿ ಬಸ್ಸು ಹತ್ತು."

ಎಡಪ್ಪಾಡಿಯಲ್ಲಿ ಪಾವಾಯಿಯ ತಮ್ಮನಿದ್ದ. ಅವನ ಹೆಂಡತಿ ಸಾವಿಗೆ ಬಂದವಳು ಬಸ್ ಸ್ಟ್ಯಾಂಡಿನಲ್ಲೇ ಮಾತು ಮುಗಿಸಿದ್ದಳು: "ನಮ್ಮನೇಲಿ ಮೈನೆರೆದ ಹೆಣ್ಣು ಮಕ್ಕಳಿದ್ದಾವೆ ಅತ್ತಿಗೆ. ನೋಡೋಕ್ ಬಂದವರಿಗೆ ನೀವು ಎದುರಾದ್ರೆ ಹೆಂಗೆ? ನೀವೇ ಹೇಳಿ."

ಪಾವಾಯಿ ಏನು ಹೇಳುತ್ತಾಳೆ? ಅವಳು ಸ್ಟೂಲು ಬಿಡಬಾರದು ಎಂದು ನಿಶ್ಚಯ ಮಾಡಿಕೊಂಡಳು. ಅಷ್ಟೇ ಅವಳ ಆಸೆ. ಬೇರೆ ಆಸೆಯನ್ನು ಜನ ಅವಳಿಗೆ ಬಿಟ್ಟಿರಲಿಲ್ಲ.

ವರ್ಷ ಕಳೆದು ಪಳನಿಯಮ್ಮ ಎಂಬ ನೂಲು ಸುತ್ತುವವಳು ತನ್ನ ಮಗಳು ಕೋಕಿಲಾಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹುಡುಗಿ ಪ್ಲಸ್ ಟೂ ಮುಗಿಸಿ ಟೈಪು, ಕಂಪ್ಯೂಟರು ಎರಡೂ ಕಲಿತಿದ್ದಳು. ಬಡವರು. ಜಾತಕ ಬರೆಸಿರಲಿಲ್ಲ. ಅರುಕ್ಕಾಣಿ ಹುಡುಗಿಯ ಜಡೆ ಹಿಡಿದು ನೋಡಿದಳು, ಬೆರಳು ಹಿಡಿದು ನೋಡಿದಳು, ನಡೆಸಿ ನೋಡಿದಳು. ಸಂತೆಯಲ್ಲಿ ಎಮ್ಮೆಯನ್ನು ಹಾಗೆ ನೋಡುತ್ತಾರೆ. ಮನಸ್ಸಿಗೆ ಬಂತು.

"ಜಾತಕಕ್ಕೆ ಬೇರೆ ಕಡೆ ಯಾಕೆ ಹೋಗೋದು? ನಮ್ಮಂಗಡೀಲೇ ಹಾಕ್ಬಿಡೋಣ. ಕೂಡಿ ಬಂದ್ರೆ ನಾಳೇನೇ ಹೂ ಮುಡಿಸ್ತೀನಿ. ಹೇಳಮ್ಮ, ಯಾವಾಗ ಹೆತ್ತೆ?"

"ಐಪ್ಪಸಿ ತಿಂಗಳು ಆತ್ತಾ, ದೀಪಾವಳಿ ಹತ್ರ. ಗುರುವಾರ ರಾತ್ರಿ ಎರಡೂವರೆ. ಏನ್ ಮಳೆ ಅಂತೀರಾ! ಸೂಲಗಿತ್ತಿ ನೆನೆದು ತೊಪ್ಪೆಯಾಗಿ ಬಂದ್ಲು. ಇವರಪ್ಪ ಸ್ಕೂಲಲ್ಲೂ ಅದೇ ಗುರುವಾರದ ತಾರೀಖು ಬರೆಸಿದ್ದಾರೆ. ನೋಡಿ, ಸರ್ಟಿಫಿಕೇಟು."

ತಂಗವೇಲು ತಾರೀಖನ್ನು ಪರದೆಯ ಕಡೆ ಕೂಗಿದ. "ರಾತ್ರಿ ಎರಡೂವರೆ ಅತ್ತಿಗೆ!"

ಪಾವಾಯಿಯ ಕೈ ತಾನಾಗಿಯೇ ಮಾರನೇ ದಿನದ ತಾರೀಖು ಹೊಡೆಯಿತು. ಚೌಕದ ಮನೆಗಳು ತುಂಬಿಕೊಂಡವು. ಚಂದ್ರ ಸಿಂಹದಲ್ಲಿ ಕೂತ. ಮಘಾ ನಕ್ಷತ್ರ. ಮಘಾದಲ್ಲಿ ಹುಟ್ಟಿದವಳು ಜಗತ್ತನ್ನೇ ಆಳುತ್ತಾಳೆ ಅಂತ ಆ ಸೀಮೆಯಲ್ಲಿ ಮಾತು. ಕೆಳಗೆ ತಂಗವೇಲುವಿನ ಜಾತಕದ ಜೊತೆ ಹೊಂದಿಸಿದರೆ ಎಲ್ಲವೂ ಕೂಡಿ ಬರುತ್ತಿತ್ತು. ಅವಳು ಆ ಮಘಾ ಎಂಬ ಅಕ್ಷರವನ್ನು ನೋಡುತ್ತ ಕೂತಳು. ಅವಳಿಗೆ ಕಂಡದ್ದು ಎಡಪ್ಪಾಡಿ ಬಸ್ಸು.

"ಏನ್ ಅತ್ತಿಗೆ, ನಿದ್ದೆ ಬಂತಾ? ಕರೆಂಟ್ ಹೋಗೋದ್ರೊಳಗೆ ಹೊಡೀರಿ!"

ಅರುಕ್ಕಾಣಿಯ ದನಿ ಅದರ ಮೇಲೆ ಬಂತು: "ಹೇಳಿದ್ದನ್ನ ಹೇಳಿದಂಗೆ ಹೊಡೀಬೇಕು ಅಷ್ಟೇ. ತಲೆ ಓಡಿಸ್ಬೇಡ. ನಿನ್ನ ತಲೆ ಓಡೀನೇ ನನ್ನ ಮಗ ಸುಡುಗಾಡಿಗೆ ಹೋದ."

ಹೇಳಿದ ಹಾಗೇ ಹೊಡೆದಳು. ಗುರುವಾರದ ತಾರೀಖು, ಎರಡೂವರೆ. ಚಂದ್ರ ಒಂದು ಮನೆ ಹಿಂದಕ್ಕೆ ಸರಿದ. ಆಶ್ಲೇಷಾ. ಆಶ್ಲೇಷಾದ ಸೊಸೆ ಬಂದರೆ ಅತ್ತೆ ಉಳಿಯುವುದಿಲ್ಲ. ಇದನ್ನು ಯಾವ ಪಂಚಾಂಗವನ್ನೂ ನೋಡದ ಹೆಂಗಸೂ ಬಲ್ಲಳು. ಪಾವಾಯಿ ಪ್ರಿಂಟು ಕೊಟ್ಟು ಕಾಗದವನ್ನು ಪರದೆಯ ಸಂದಿಯಿಂದ ತಳ್ಳಿದಳು.

ತಂಗವೇಲು ಅರಿಸಿನದ ಬಟ್ಟಲಿಗೆ ಬೆರಳಿಟ್ಟವನು ಹಾಗೇ ನಿಲ್ಲಿಸಿದ. "ಅಮ್ಮಾ, ಆಶ್ಲೇಷಾ ಅಂತಿದೆ."

"ಏನಂದೆ?" ಅರುಕ್ಕಾಣಿ ಹುಡುಗಿಯ ಜಡೆಯನ್ನು ಬಿಸಿ ಪಾತ್ರೆಯ ಹಾಗೆ ಕೈಬಿಟ್ಟಳು. "ಅಯ್ಯೋ ಮಾರಿ! ನೋಡೋಕೆ ಗಿಣಿ, ಒಳಗೆ ಹಾವು! ಏ ಪಳನಿಯಮ್ಮ, ನನ್ನ ಹೆಣ ನೋಡೋಕ್ ಕರ್ಕೊಂಡ್ ಬಂದ್ಯಾ ಇವಳನ್ನ?"

"ನಂಗೆ ಗೊತ್ತಿರ್ಲಿಲ್ಲ ಆತ್ತಾ, ದೇವರಾಣೆ. ಭವಾನಿ ಕೂಡುತೊರೆ ಸಂಗಮದಲ್ಲಿ ಪರಿಹಾರ ಮಾಡಿಸ್ತೀವಿ—"

"ನಿನ್ನ ಪರಿಹಾರ ಗಂಗೇಲಿ ಹಾಕು. ಸತ್ತ ಮೇಲೆ ಪರಿಹಾರ ಯಾರಿಗೆ? ತಗೋ ಕಾಗದ. ಎಲ್ಲರಿಗೂ ತೋರಿಸು. ಇನ್ನೊಬ್ಬ ತಾಯಿ ಕಣ್ಣಿಗೆ ಮಣ್ಣೆರಚಬೇಡ."

ಪಳನಿಯಮ್ಮ ಪ್ರಾಮಾಣಿಕಳು. ತೋರಿಸಿದಳು. ಮೇಲೆ ಮುರುಗನ ಚಿತ್ರವಿದ್ದ ಹೊಳೆಯುವ ಕಾಗದ. ಕಂಪ್ಯೂಟರು ಸುಳ್ಳು ಹೇಳುತ್ತದೆಯೇ? ಬಂದ ಗಂಡಿನ ಕಡೆಯವರೆಲ್ಲ ಆ ಕಾಗದ ನೋಡಿ, ಕೊಟ್ಟ ಕಾಫಿಯನ್ನು ಅರ್ಧ ಲೋಟದಲ್ಲಿ ಬಿಟ್ಟು ಏಳುತ್ತಿದ್ದರು. ನಲ್ಲಿಯ ಹತ್ತಿರ ಹೆಂಗಸರು ಕೋಕಿಲಾಳನ್ನು "ಅತ್ತೆನುಂಗಿ" ಎಂದು ಕರೆಯತೊಡಗಿದರು. ಅವಳು ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಅವಳ ಉಗುರು ನೀಲಿಯಾಗಿದ್ದನ್ನು ನೋಡಿ ಅದಕ್ಕೂ ಒಂದು ಮಾತು ಹುಟ್ಟಿತು: "ವಿಷ ಹೊರಗೆ ಬರ್ತಿದೆ."

ಒಂದು ಮಧ್ಯಾಹ್ನ ತಂಗವೇಲು ಊಟಕ್ಕೆ ಹೋಗಿದ್ದಾಗ ಕೋಕಿಲಾ ಒಬ್ಬಳೇ ಅಂಗಡಿಗೆ ಬಂದಳು. ಪಾವಾಯಿ ಉಸಿರು ಬಿಗಿ ಹಿಡಿದು ಕೂತಳು.

"ಅಕ್ಕಾ, ನೀವು ಒಳಗಿದ್ದೀರ ಅಂತ ಗೊತ್ತು. ಕಾಲು ಕಾಣ್ತಿದೆ."

ಪಾವಾಯಿ ಕಾಲನ್ನು ಸ್ಟೂಲಿನ ಕೆಳಗೆ ಎಳೆದುಕೊಂಡಳು.

"ಬೈಯೋಕ್ ಬಂದಿಲ್ಲ ಅಕ್ಕಾ. ಇನ್ನೊಂದು ಸಲ ಹಾಕಿ ನೋಡ್ತೀರಾ? ಎಲ್ಲಾದ್ರೂ ಬೆರಳು ತಪ್ಪಿರುತ್ತೆ ಅಂತ ಅಷ್ಟೇ. ನಾನೂ ಟೈಪ್ ಮಾಡ್ತೀನಲ್ಲ, ತಪ್ಪಾಗುತ್ತೆ."

ಪಾವಾಯಿ ಹಾಕಿದಳು. ಸರಿಯಾದ ತಾರೀಖನ್ನೇ ಹಾಕಿದಳು. ಮಘಾ ಬಂತು. ಪರದೆಯ ಆಚೆ ಹುಡುಗಿ ಉಸಿರಾಡುವುದು ಕೇಳುತ್ತಿತ್ತು. ಬಣ್ಣದ ಕಾರ್ಖಾನೆಯ ವಾಸನೆ ಬರುತ್ತಿತ್ತು. ಒಂದು ಕೀಲಿ ಒತ್ತಿದರೆ ಕಾಗದ ಹೊರಗೆ ಬರುತ್ತಿತ್ತು. ನಾಳೆ ಅರುಕ್ಕಾಣಿ ಹೂ ಮುಡಿಸುತ್ತಿದ್ದಳು.

"ಅದೇ ಬರ್ತಿದೆ ಅಮ್ಮುಣಿ," ಎಂದಳು ಪಾವಾಯಿ.

"ಅದೇನಾ?"

"ಅದೇ."

"ಹಂಗಾರೆ ನಾನೇ ಹಂಗೆ." ಹುಡುಗಿ ಚಪ್ಪಲಿ ಮೆಟ್ಟಿಕೊಂಡಳು. "ನೀವೊಬ್ರೇ ಅಕ್ಕಾ ಹಂಗಿಸದೆ ನೋಡಿ ಹೇಳಿದ್ದು. ಬರ್ತೀನಿ."

ಪಾವಾಯಿ ಆ ಜಾತಕವನ್ನು ಅಳಿಸಿದಳು. ಆಮೇಲೆ ನೆನೆಹಾಕಿದ ಬಟ್ಟೆ ಒಗೆಯಲು ಎದ್ದಳು.

ತಂಗವೇಲುವಿಗೆ ಬೇರೆ ಹೆಣ್ಣು ಸಿಗಲಿಲ್ಲ. ಆ ಕಡೆ ಹೆಣ್ಣು ಕಡಿಮೆ, ಕೇಳುವವರು ಜಾಸ್ತಿ. ಇವನಿಗೆ ಕುಡಿತದ ಹೆಸರು ಬೇರೆ. ಹೆಣ್ಣಿನವರು ಬಂದರೂ ಅಂಗಳದಲ್ಲಿ ಪಾವಾಯಿಯ ಬೋಳು ಹಣೆ ಕಂಡು ಮುಖ ತಿರುವುತ್ತಿದ್ದರು. ಹೀಗೆ ದಿನ ಹೋಗುತ್ತಿದ್ದಾಗ ಒಂದು ಬೆಳಿಗ್ಗೆ ಅರುಕ್ಕಾಣಿ ಹಿತ್ತಲಲ್ಲಿ ಬಿದ್ದಳು. ಲಕ್ವ ಹೊಡೆದಿತ್ತು. ಒಂದು ಕೈ, ಒಂದು ಕಾಲು, ಅರ್ಧ ಬಾಯಿ ಹೋಯಿತು. ಬೈಯುವುದಕ್ಕೆ ಉಳಿದ ಅರ್ಧ ಸಾಕಾಗಿತ್ತು.

ಪಾವಾಯಿ ಅವಳನ್ನು ನೋಡಿಕೊಂಡ ಹಾಗೆ ಹೆತ್ತ ಮಗಳೂ ನೋಡಿಕೊಳ್ಳುವುದಿಲ್ಲ. ಎಣ್ಣೆ ಕಾಯಿಸಿ ತಿಕ್ಕಿದಳು. ಹೇಲು ಉಚ್ಚೆ ಬಾಚಿದಳು. ರಾಗಿ ಗಂಜಿಯನ್ನು ಸೋಸಿ ಬೆರಳಲ್ಲಿ ಬಾಯಿಗಿಟ್ಟಳು. ಬೀದಿಯವರು, "ಏನೇ ಆಗ್ಲಿ, ಪಾವಾಯಿ ಅಂಥ ಸೊಸೆ ಪುಣ್ಯ ಮಾಡಿದ್ರೆ ಸಿಕ್ಕೋದು," ಎಂದರು. ಅವರಿಗೇನು ಗೊತ್ತು? ಮನೆಯಲ್ಲಿ ಅತ್ತೆ ಎಂಬುದೊಂದು ಉಸಿರಾಡುತ್ತಿರುವವರೆಗೆ ಕೋಕಿಲಾ ಆ ಹೊಸಿಲು ದಾಟುವುದಿಲ್ಲ. ಕಂಪ್ಯೂಟರ್ ಕಲಿತ ಹೆಣ್ಣು ಅವಳೊಬ್ಬಳೇ ಸಿಕ್ಕಿದ್ದು. ತನ್ನನ್ನು ನಾಯಿಗಿಂತ ಕಡೆಯಾಗಿ ಇಟ್ಟವಳ ಪ್ರಾಣವನ್ನು ಪಾವಾಯಿ ಹಲ್ಲುಕಚ್ಚಿ ಹಿಡಿದಿದ್ದಳು.

ಅರುಕ್ಕಾಣಿ ಮೂಢಳಲ್ಲ. ಒಂದು ದಿನ ಗಂಜಿಯನ್ನು ಉಗಿದು, ಸೊಟ್ಟ ಬಾಯಲ್ಲೇ ಕೇಳಿದಳು: "ಯಾಕೇ ಹಿಂಗ್ ತಿನ್ನಿಸ್ತಿ? ಮಗನ್ನ ನುಂಗಿದ್ದು ಸಾಲದೆ ನನ್ನ ಕೊಬ್ಬಿಸ್ತಿದ್ದೀಯಾ?"

"ನೀವಿದ್ರೆ ಮನೆಗೆ ಲಕ್ಷಣ ಅತ್ತೆ."

"ಥೂ! ಸುಳ್ಳಿ. ಬಾಗಿಲಿಗೆ ಬೀಗ ಇಟ್ಟುಕೊಂಡಂಗೆ ನನ್ನ ಇಟ್ಕೊಂಡಿದ್ದಿ. ಏನೋ ಇದೆ ನಿನ್ನ ಹೊಟ್ಟೇಲಿ."

"ಬಾಯಿ ತೆಗೀರಿ," ಎಂದಳು ಪಾವಾಯಿ.

ಒಂದು ಶನಿವಾರ ಬಾಯಿ ತೆಗೆದದ್ದು ಮುಚ್ಚಲಿಲ್ಲ. ಪಾವಾಯಿ ಎದೆ ಬಡಿದುಕೊಂಡು ಅತ್ತಳು. ಅಷ್ಟು ಅಳು ಗಂಡ ಸತ್ತಾಗಲೂ ಬಂದಿರಲಿಲ್ಲ. ಆಗ ಸದ್ದು ಬಂದಿರಲಿಲ್ಲ, ಅಷ್ಟೇ.

ಶನಿವಾರದ ಹೆಣ ಒಂಟಿಯಾಗಿ ಹೋಗುವುದಿಲ್ಲ, ಜೊತೆಗೆ ಇನ್ನೊಂದನ್ನು ಕರೆಯುತ್ತದೆ. ಅದಕ್ಕೆ ಚಟ್ಟಕ್ಕೊಂದು ಕೋಳಿಮರಿ ಕಟ್ಟುತ್ತಾರೆ. ಮರಿ ಹುಡುಕುವುದು ತಡವಾಯಿತು. ಬಾಗಿಲಲ್ಲಿ ನಿಂತ ಒಬ್ಬ ಮುದುಕಿ, "ಕೋಳಿ ಯಾಕೆ ಹುಡುಕ್ತೀರಿ, ಮೂಲೇಲಿ ಒಂದು ಕೂತಿದೆಯಲ್ಲ, ಅದನ್ನೇ ಕಟ್ಟಿ," ಎಂದಳು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಸಾವಿನ ಮನೆ ಎಂದು ಮೆಲ್ಲಗೆ ನಕ್ಕರು.

ಪಳನಿಯಮ್ಮನೂ ಹಾರ ತಂದಿದ್ದಳು. ಹಾರ ಹಾಕಿ, ಹೆಣಕ್ಕೆ ಕೈಮುಗಿದು, ತಲೆ ಎತ್ತಿ ಮನೆಯನ್ನು ನೋಡಿದಳು. ಹೆಂಚು ನೋಡಿದಳು, ನಲ್ಲಿ ನೋಡಿದಳು. ಪಾವಾಯಿ ಅದನ್ನು ನೋಡಿದಳು. ಅವಳ ಅಳು ಅಲ್ಲಿಗೆ ನಿಂತಿತು.

ಆಶ್ಲೇಷಾದ ಹೆಣ್ಣಿಗೆ ಇರುವುದು ಒಂದೇ ದಾರಿ. ಅತ್ತೆಯಿಲ್ಲದ ಮನೆ ಹುಡುಕಬೇಕು. ತಿಥಿ ಮುಗಿಯುವುದಕ್ಕೇ ಕಾದಿದ್ದ ಮದುವೆ ದಲ್ಲಾಳಿ ಜಗಲಿಯಲ್ಲಿ ಕೂತು ತೊಡೆ ತಟ್ಟಿದ. "ತಂಗವೇಲು, ಈಗ ನಿನ್ನ ಮನೆ ಆ ಹುಡುಗಿಗೆ ಅಂತಾನೇ ಕಟ್ಟಿಸಿದಂಗಿದೆ ಕಣಪ್ಪ. ಬಾಧೆ ಯಾರಿಗೆ? ಅಮ್ಮ ಹೋದ್ರು. ಸಾವಾದ ಮನೇಲಿ ವರ್ಷದೊಳಗೆ ಒಂದು ಶುಭ ಆಗಲೇಬೇಕು."

ಆಯಿತು. ಮುಹೂರ್ತದ ಹೊತ್ತಿನಲ್ಲಿ ಪಾವಾಯಿಯನ್ನು ಹಿಂದಿನ ಕೋಣೆಯಲ್ಲಿ ಕೂಡಿ ಚಿಲಕ ಹಾಕಿದರು. ಆಮೇಲೆ ತೆಗೆಯುವುದನ್ನು ಮರೆತರು. ಸಂಜೆ ಬಂದು ತೆಗೆದವಳು ಕೋಕಿಲಾ.

ಪರದೆ ಇಳಿಯಿತು. ಕೋಕಿಲಾ ಮಲ್ಲಿಗೆ ಮುಡಿದು ಕಂಪ್ಯೂಟರಿನ ಮುಂದೆ ಕೂತಳು. ಪಾವಾಯಿ ಎಡಪ್ಪಾಡಿಗೆ ಹೊರಡಬೇಕಿತ್ತು. ಕೋಕಿಲಾಳೇ ತಡೆದಳು. "ಇರಲಿ ಬಿಡಿ. ಒಂದೆರಡು ತಿಂಗಳು ಹೇಳಿಕೊಡಲಿ. ಅಕ್ಕ ನನಗೆ ಒಳ್ಳೇದು ಮಾಡಿದವರು." ಹಾಗೆ ಪಾವಾಯಿ ನೆಲದ ಮೇಲೆ, ಮೇಜಿನ ಕಾಲ ಹತ್ತಿರ ಕೂತಳು.

ಹೊಸ ಸೊಸೆಗೆ ಸುಖವಿರಲಿಲ್ಲ. ಬೀದಿಯಲ್ಲಿ ಮಾತು ಎದ್ದಿತ್ತು. "ಬರೀ ಮಾತುಕತೆಗೆ ಬಂದದ್ದಕ್ಕೇ ಅರುಕ್ಕಾಣಿ ಬಿದ್ಲು. ಕೂಡಿ ಬಂದಿದ್ರೆ ಆವತ್ತೇ ಹೋಗಿರೋಳು." ತಂಗವೇಲು ಕುಡಿದ ದಿನ ಅದನ್ನೇ ಮನೆಯೊಳಗೆ ತರುತ್ತಿದ್ದ. "ನನ್ನ ತಾಯಿ ಹೆಣ ತುಳ್ಕೊಂಡು ಬಂದವಳು ನೀನು," ಎಂದು ಜಡೆ ಹಿಡಿಯುತ್ತಿದ್ದ. ಗೋಡೆಯ ಆಚೆ ಪಾವಾಯಿಗೆ ಕೇಳುತ್ತಿತ್ತು. ಅವಳು ಮಗ್ಗುಲು ಬದಲಿಸುತ್ತಿದ್ದಳು. ಇದ್ದದ್ದು ಬದಲಿಸುವಷ್ಟೇ ಜಾಗ.

ಒಂದು ಬೆಳಿಗ್ಗೆ ಒಬ್ಬ ಅಜ್ಜಿ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಕೂಸಿನ ಕಣ್ಣು ಇನ್ನೂ ಅಂಟಿಕೊಂಡಿತ್ತು.

"ಮೊಮ್ಮಗ ಕಣಮ್ಮ. ಸೋಮವಾರ ರಾತ್ರಿ ಮೂರು ಗಂಟೆ."

ಕೋಕಿಲಾ ಸೋಮವಾರದ ತಾರೀಖು ಹೊಡೆದಳು. ಪಾವಾಯಿ ಕೆಳಗಿನಿಂದ ನೋಡುತ್ತಿದ್ದಳು. ಕೂಸು ಬಾಯಿ ಸೊಟ್ಟ ಮಾಡಿ ಆಕಳಿಸಿತು. ಸೆಂಗೋಡ ಚಾಪೆಯ ಮೇಲಿಂದ ಹೇಳಿದ್ದು ಅವಳ ಬಾಯಿಗೆ ತಾನಾಗಿ ಬಂತು.

"ತಡಿ ಅಮ್ಮುಣಿ, ಕೇಳ್ಬೇಕು. ಅಜ್ಜಿ, ಮಲಗೋ ಹೊತ್ತೋ, ಕೋಳಿ ಕೂಗೋ ಹೊತ್ತೋ?"

"ಕೋಳಿ ಕೂಗ್ತಿತ್ತು ತಾಯಿ."

"ಹಂಗಾರೆ ಮಂಗಳವಾರ ಹಾಕು ಅಮ್ಮುಣಿ. ನಮ್ಮ ಜನಕ್ಕೆ ಸೋಮವಾರ, ಈ ಡಬ್ಬಕ್ಕೆ ಮಂಗಳವಾರ. ಇಲ್ಲಾಂದ್ರೆ ಕೂಸಿನ ನಕ್ಷತ್ರಾನೇ ಬದಲಾಗೋಗತ್ತೆ."

ಅಂದ ಮೇಲೆ ಬಾಯಿ ಮುಚ್ಚಿಕೊಂಡಳು. ಹೊರಗೆ ಬಿದ್ದ ಮಾತನ್ನು ನುಂಗಲಾಗುವುದಿಲ್ಲ.

ಕೋಕಿಲಾ ಮಂಗಳವಾರ ಹಾಕಿದಳು. ಕಾಗದ ಬಂತು, ಅರಿಸಿನ ಹಚ್ಚಿ ಕೊಟ್ಟಳು, ಅಜ್ಜಿಯನ್ನು ಬಾಗಿಲ ತನಕ ಕಳಿಸಿ ಬಂದಳು. ಬಂದು ಕೂತು ತನ್ನ ಹೆಸರು ಹೊಡೆದಳು. ಐಪ್ಪಸಿಯ ಆ ಗುರುವಾರ ಬಿಟ್ಟು ಶುಕ್ರವಾರದ ತಾರೀಖು ಹಾಕಿದಳು. ಎರಡೂವರೆ. ಈರೋಡು.

ಪಾವಾಯಿ ತಲೆ ಎತ್ತಲಿಲ್ಲ. ಪರದೆ ಇದ್ದಿದ್ದರೆ ಎನಿಸಿತು.

"ಮಘಾ," ಎಂದಳು ಕೋಕಿಲಾ. "ಆ ಮಧ್ಯಾಹ್ನ ನಾನು ಬಂದು ಕೇಳಿದಾಗ ಏನ್ ಬಂದಿತ್ತು ಅಕ್ಕಾ?"

ಪಾವಾಯಿ ನೆಲದ ಮೇಲಿನ ಅರಿಸಿನದ ಪುಡಿಯನ್ನು ಬೆರಳಲ್ಲಿ ಒರೆಸಿದಳು.

"ಹೇಳಿ. ಮಘಾ ಬಂದಿತ್ತಾ?"

"ಬಂದಿತ್ತು."

"ಅದನ್ನ ನೋಡ್ಕೊಂಡು, ಅದೇ ಅಂದ್ರಾ?"

"ನಾನು ಎಲ್ಲಿಗೆ ಹೋಗ್ಲಿ ಅಮ್ಮುಣಿ? ನೀನು ಬಂದ್ರೆ ನನಗೆ ಜಾಗ ಇರ್ಲಿಲ್ಲ."

"ನನ್ನ ಕೈ ನೋಡಿ," ಎಂದು ಕೋಕಿಲಾ ನೀಲಿ ಉಗುರುಗಳನ್ನು ಅವಳ ಮುಖಕ್ಕೆ ಹಿಡಿದಳು. ಬೆರಳು ಕಣ್ಣಿಗೆ ತಾಗುವಷ್ಟು ಹತ್ತಿರ. "ತಿಕ್ಕಿದ್ರೂ ಹೋಗಲ್ಲ ಇದು."

ತಂಗವೇಲು ಬಂದಾಗ ಹೇಳಿದಳು. ಪ್ರಿಂಟು ತೆಗೆದು ಮುಂದಿಟ್ಟಳು. "ನೋಡ್ರಿ. ನಾನು ಆಶ್ಲೇಷಾ ಅಲ್ಲ. ನಿಮ್ಮಮ್ಮ ಹೋಗಿದ್ದು ನನ್ನಿಂದ ಅಲ್ಲ. ಬೀದಿಗೆಲ್ಲ ತೋರಿಸಿ."

ತಂಗವೇಲು ಕಾಗದ ಓದಿದ, ಮಡಿಚಿದ, ಹರಿದ. ಅವನಿಗೆ ಕೋಪವೂ ಬರಲಿಲ್ಲ. "ಬುದ್ಧಿ ಇದೆಯಾ? ಸ್ವಂತ ಹೆಂಡತಿ ಜಾತಕಾನೇ ತಪ್ಪು ಕೊಟ್ಟ ಅಂಗಡಿ ಅಂದ್ರೆ ನಾಳೆ ಯಾರ್ ಬರ್ತಾರೆ? ನಮ್ಮದು ಯಾವ್ಯಾವುದು ತಪ್ಪು ಅಂತ ಊರೇ ಬಾಗಿಲಿಗೆ ಬರತ್ತೆ. ಮದುವೆ ಆಯ್ತಲ್ಲ, ಇನ್ನೇನ್ ನಿಂಗೆ? ಆಶ್ಲೇಷಾ ಅಂತಾನೇ ಇರು."

"ಅವರು ಅತ್ತೆನುಂಗಿ ಅಂತಾರೆ."

"ಅನ್ನಲಿ. ನುಂಗೋಕೆ ಇನ್ನು ಯಾರಿದ್ದಾರೆ?" ಎಂದು ನಕ್ಕು ಹೊರಗೆ ಹೋದ.

ಕೋಕಿಲಾ ಹರಿದ ಚೂರುಗಳನ್ನು ಗುಡಿಸಿದಳು. ಆಮೇಲೆ ಕೋಣೆಯೊಳಗೆ ಹೋಗಿ ಪಾವಾಯಿಯ ಎರಡು ಸೀರೆ, ಸೆಂಗೋಡನ ಫೋಟೋ, ಒಂದು ಚೊಂಬು ತಂದು ಬಟ್ಟೆಯಲ್ಲಿ ಗಂಟು ಕಟ್ಟಿದಳು. ಬೈಯಲಿಲ್ಲ. ಬೈದಿದ್ದರೆ ಪಾವಾಯಿಗೆ ಸುಲಭವಾಗುತ್ತಿತ್ತು.

"ಅಮ್ಮುಣಿ, ಮೂಲೇಲಿ ಬಿದ್ದಿರ್ತೀನಿ. ನೀನು ಹೇಳಿದ್ದನ್ನ ಹೇಳಿದಂಗೆ ಹೊಡೀತೀನಿ."

"ಗೊತ್ತು," ಎಂದಳು ಕೋಕಿಲಾ. "ಹಂಗೇ ಹೊಡೆದಿದ್ದು ನೀವು."

ಪಾವಾಯಿ ಕಂಪ್ಯೂಟರನ್ನು ನೋಡಿದಳು. ಗಂಡನ ಕೈ ತಾಗಿದ್ದು ಅದೊಂದೇ ಉಳಿದಿತ್ತು. ಕೋಕಿಲಾಳಿಗೆ ಅದು ಅರ್ಥವಾಯಿತು. ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆದಳು. ಇಂಗ್ಲಿಷಿನ ಚಿಕ್ಕ ಚೌಕ ಬಂತು.

"ಇದನ್ನ ಯಾವತ್ತಾದ್ರೂ ಓದಿದ್ದೀರಾ?"

"ನನಗೆ ಬರಲ್ಲ. ಅವರು ಮುಚ್ಚು ಅಂದಿದ್ರು."

"ಓದ್ತೀನಿ ಕೇಳಿ. ಇದು ಎಲ್ಲರಿಗೂ ಬಿಟ್ಟಿ. ಯಾರು ಬೇಕಾದ್ರೂ ತಗೊಂಡು ಹೋಗಬಹುದು. ಇದರಿಂದ ಯಾರಿಗೆ ಏನು ಹಾನಿಯಾದರೂ ಮಾಡಿದವನು ಹೊಣೆಯಲ್ಲ." ಆಮೇಲೆ ಕತ್ತರಿ ಗುರುತು ಒತ್ತಿದಳು. "ಬೇಕಾದ್ರೆ ಸಿ.ಡಿ.ಗೆ ಹಾಕ್ಕೊಡ್ತೀನಿ, ತಗೊಂಡ್ ಹೋಗಿ. ಪ್ರೋಗ್ರಾಂ ಬಿಟ್ಟಿ. ಕಂಪ್ಯೂಟರ್ ನಮ್ಮದು."

ಎಡಪ್ಪಾಡಿಯಲ್ಲಿ ಪಾವಾಯಿ ತಮ್ಮನ ಮನೆಯ ಹಿತ್ತಲಲ್ಲಿ ರಾಟೆ ತಿರುಗಿಸಿ ನೂಲು ಸುತ್ತುತ್ತಾಳೆ. ಹೆಣ್ಣು ನೋಡಲು ಯಾರಾದರೂ ಬಂದರೆ ಸೌದೆಯ ಕೊಟ್ಟಿಗೆಗೆ ಹೋಗಿ ಕೂರುತ್ತಾಳೆ. ಅದನ್ನು ಯಾರೂ ಹೇಳಬೇಕಾಗಿಲ್ಲ, ಗಾಡಿಯ ಸದ್ದಿಗೇ ಏಳುತ್ತಾಳೆ. ಸೆಂಗೋಡನ ಫೋಟೋವನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಗಂಟಿನಲ್ಲೇ ಇದೆ.

ಮೊನ್ನೆ ಕುಮಾರಪಾಳ್ಯದಿಂದ ನೂಲು ತಂದವನೊಬ್ಬ ಸುದ್ದಿ ಹೇಳಿದ. ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಕೋಕಿಲಾ ಈಗಲೂ ಬೀದಿಗೆ ಅತ್ತೆನುಂಗಿಯೇ, ಆದರೆ ಜಾತಕ ಹಾಕುವುದರಲ್ಲಿ ಅವಳಂಥವರಿಲ್ಲವಂತೆ. ಬಂದವರನ್ನೆಲ್ಲ ಕೇಳುತ್ತಾಳಂತೆ, ಮಲಗೋ ಹೊತ್ತೋ, ಕೋಳಿ ಕೂಗೋ ಹೊತ್ತೋ ಅಂತ. ಯಾರು ಕಲಿಸಿದ್ದಮ್ಮ ಇಷ್ಟು ಸೂಕ್ಷ್ಮ ಅಂತ ಕೇಳಿದರೆ, ನನ್ನ ಗಂಡ ಕಲಿಸಿದ್ದು ಅನ್ನುತ್ತಾಳಂತೆ.

ಅಂದು ಪಾವಾಯಿ ಊಟಕ್ಕೆ ಏಳಲಿಲ್ಲ.

ತಮ್ಮನ ಹೆಂಡತಿ ಬಂದು ನೋಡಿದಳು. "ಹುಷಾರಿಲ್ವಾ ಅತ್ತಿಗೆ?" ಎಂದಳು. "ಹೋಗ್ಲಿ, ಒಂದು ಹೊತ್ತಿನದು ಉಳೀತು," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.